ಕುಂಬಳೆಗೆ ದೊಡ್ಡ ಹಾಯಿಹಡಗು ಬರುತ್ತಿತ್ತಾ? ಭಾವನ ಜೊತೆ ಪಂಥ ಬಿದ್ದಿದೆ

ಮುಂಬೈ ಪುಳ್ಳಿ
ಎಲ್ಲರಿಗೂ ನಮಸ್ಕಾರ. ಊರು ಕಾಸರಗೋಡಿನ ಕುಂಬಳೆ, ಹೊಟ್ಟೆಪಾಡು ಮುಂಬೈಯಲ್ಲಿ. 2024ರ ನವೆಂಬರ್ ಕೊನೆಗೆ ಇಟಲಿ ನೌಕಾಪಡೆಯ ಅಮೆರಿಗೋ ವೆಸ್ಪುಚಿ ಹಡಗು ಮುಂಬೈಗೆ ಬಂದಿತ್ತು, ನೋಡಲು ಹೋಗಿದ್ದೆ. 1931ರಲ್ಲಿ ನೀರಿಗಿಳಿಸಿದ ಹಡಗು. ಮೂರು ಕೂವೆಕಂಬ, ಅಂದರೆ ಹಾಯಿ ಕಟ್ಟುವ ಕಂಬ, ನೂರು ಮೀಟರ್ ಉದ್ದ. ಹಗ್ಗಗಳೇ 30 ಕಿಲೋಮೀಟರಿಗಿಂತ ಜಾಸ್ತಿಯಂತೆ. ಕೆಳಗೆ ನಿಂತು ಮೇಲೆ ನೋಡಿದರೆ ಕುತ್ತಿಗೆ ನೋಯುತ್ತದೆ, ಅಷ್ಟು ಎತ್ತರ.

ಈಗ ರಜೆಯಲ್ಲಿ ಊರಿಗೆ ಬಂದಿದ್ದೇನೆ. ಮೊನ್ನೆ ಸಂಜೆ ಭಾವನಿಗೆ ಆ ಫೋಟೋ ತೋರಿಸಿದೆ. ಅವರು ಸುಮ್ನೆ ನೋಡಿ, "ಇದೆಲ್ಲ ಹಿಂದೆ ನಮ್ಮ ಕುಂಬಳೆಗೇ ಬರುತ್ತಿತ್ತು" ಅಂದರು. ನಾನು ನಕ್ಕೆ. ನಮ್ಮ ಹೊಳೆಬಾಗಿಲಲ್ಲಿ ಇಳಿತದ ಹೊತ್ತಿಗೆ ಮೀನಿನ ದೋಣಿಯೇ ಮರಳಿಗೆ ತಾಗುತ್ತದೆ, ನೂರು ಮೀಟರಿನ ಹಡಗು ಎಲ್ಲಿಂದ ಬರಬೇಕು? ಮಾತಿಗೆ ಮಾತು ಬೆಳೆದು ಪಂಥ ಆಯಿತು. ಸೋತವರು ಮನೆಯವರಿಗೆಲ್ಲ ಗೋಳಿಬಜೆ, ಚಹಾ ಕೊಡಿಸಬೇಕು. ಮನೆಯಲ್ಲಿ ನಾವು ಹದಿನಾಲ್ಕು ಜನ.

ಗೊತ್ತಿದ್ದವರು ಹೇಳಿ. ಬರುತ್ತಿತ್ತಾ? ಈಗ ಬರಲು ಸಾಧ್ಯವಾ?

ಅಡಿಕೆ ಒಣಗಿತಾ
ಭಾವನ ಎದುರು ಪಂಥ ಕಟ್ಟಬಾರದು ಮಾರಾಯ್ರೆ. ಗೆದ್ದರೂ ಸೋತ ಹಾಗೆ.

ಇಂಜಿನ್ ರೂಮ್
ಮರ್ಚೆಂಟ್ ನೇವಿಯಲ್ಲಿ 19 ವರ್ಷ ಇದ್ದವನು, ಆದ ಕಾರಣ ಬಾಯಿ ಹಾಕುತ್ತೇನೆ.

ಈಗ ಬರಲು ಸಾಧ್ಯವಾ ಅಂದರೆ, ಇಲ್ಲ. ನಮ್ಮ ನೌಕಾಪಡೆಯದ್ದೇ ತರಂಗಿಣಿ ಇದೆ, 1997ರಲ್ಲಿ ಸೇವೆಗೆ ಬಂದದ್ದು, ಗೋವಾದಲ್ಲಿ ಕಟ್ಟಿದ್ದು, ಮನೆ ಕೊಚ್ಚಿ. ಅದರ ತಂಗಿ ಸುದರ್ಶಿನಿ 2012ರದ್ದು. ತರಂಗಿಣಿ 54 ಮೀಟರ್, ವೆಸ್ಪುಚಿಯ ಅರ್ಧ ಅಷ್ಟೆ. ಆದರೂ ಅದಕ್ಕೆ ನೀರಿನ ಕೆಳಗೆ ನಾಲ್ಕು ಮೀಟರಿನಷ್ಟು ಆಳ ಬೇಕು, ಅಡಿಗೆ ಒಂದಿಷ್ಟು ಜಾಗ ಬಿಡಬೇಕು, ಅಲೆಯಲ್ಲಿ ಏರಿ ಇಳಿಯುವುದಕ್ಕೆ ಮತ್ತಷ್ಟು. ಕುಂಬಳೆ ಬಿಡಿ, ಚಂದ್ರಗಿರಿ ಹೊಳೆಯ ಅಳಿವೆಯೂ ಅದಕ್ಕೆ ಆಗುವುದಿಲ್ಲ.

ಹಿಂದೆ ಬರುತ್ತಿತ್ತಾ ಎನ್ನುವುದಕ್ಕೆ ಚರಿತ್ರೆ ಓದಿದವರು ಉತ್ತರ ಕೊಡಲಿ.

ಬೇಕಲದ ಬಿಸಿಲು
ಕುಂಬಳೆ ಹಳೇ ಬಂದರು, ಅದರಲ್ಲಿ ಅನುಮಾನ ಬೇಡ. ಪೋರ್ಚುಗೀಸ್ ದುವಾರ್ತೆ ಬಾರ್ಬೋಸ 1514ರಲ್ಲಿ ಕುಂಬಳೆ ನೋಡಿದ್ದಾನೆ. ಇಲ್ಲಿಂದ ಅಕ್ಕಿ ಮಾಲ್ಡೀವ್ಸಿಗೆ ಹೋಗುತ್ತಿತ್ತು, ಬದಲಿಗೆ ಅಲ್ಲಿಂದ ತೆಂಗಿನ ನಾರು ಬರುತ್ತಿತ್ತು ಅಂತ ಬರೆದಿಟ್ಟಿದ್ದಾನೆ. ಅಕ್ಕಿ ಕೊಟ್ಟು ನಾರು ತರುವುದು! ತೆಂಗು ನಮ್ಮಲ್ಲೂ ಇತ್ತು, ಆದರೆ ದ್ವೀಪದ ನಾರಿಗೆ ಇದ್ದ ಹೆಸರೇ ಬೇರೆ.

ಒಂದು ವಿಷಯ ಹೇಳಿದರೆ ಸಿಟ್ಟಾಗಬೇಡಿ. ಕುಂಬಳೆಯ ಅಕ್ಕಿ ಕಪ್ಪು, ಕಳಪೆ, ಅಗ್ಗ ಅಂತಲೂ ಬರೆದಿದ್ದಾನೆ.

ಕಜೆ ಗಂಜಿ
ಎಂತ? ಕಳಪೆಯಾ? ಅದು ಕಪ್ಪಲ್ಲ, ಕೆಂಪು. ಅವನು ಒಂದು ದಿನ ಕಜೆ ಅಕ್ಕಿಯ ಗಂಜಿಗೆ ಉಪ್ಪಿನಕಾಯಿ ಹಾಕಿ ಉಂಡಿದ್ದರೆ ಹಾಗೆ ಬರೆಯುತ್ತಿರಲಿಲ್ಲ.

ಅಡಿಕೆ ಒಣಗಿತಾ
ಉಂಡು ವಾಪಸ್ ಹೋಗುತ್ತಲೂ ಇರಲಿಲ್ಲ, ಅದೇ ಕಷ್ಟ.

ಮಧೂರು ಅಕ್ಕ
ನನಗೊಂದು ಕಿರಿಕಿರಿ ಇದೆ, ಹೇಳಿಬಿಡುತ್ತೇನೆ. ಬಿಳಿ ಹಾಯಿಯ ಹಡಗು ಅಂದ ಕೂಡಲೇ ನಮಗೆಲ್ಲ ಎಂಥ ಸಂಭ್ರಮ! ಆಗ ಇಲ್ಲಿ ಇದ್ದವರಿಗೆ ಅಂಥ ಹಡಗು ಕಂಡರೆ ಸಂಭ್ರಮ ಆಗುತ್ತಿತ್ತಾ? ಈ ಕರಾವಳಿಯ ರಾಜರು ಪೋರ್ಚುಗೀಸರಿಗೆ ವರ್ಷವರ್ಷ ಅಕ್ಕಿ ಕಪ್ಪ ಒಪ್ಪಿಸಬೇಕಿತ್ತು. ಉಳ್ಳಾಲದ ಅಬ್ಬಕ್ಕ ಜಗಳಕ್ಕೆ ನಿಂತದ್ದು ಸುಮ್ನೆ ಅಲ್ಲ. ಅಕ್ಕಿ ಮುಡಿ ಕಟ್ಟುವುದು ಎಷ್ಟು ಕಷ್ಟದ ಕೆಲಸ ಗೊತ್ತಾ? ನಮ್ಮಜ್ಜ ಕಟ್ಟುತ್ತಿದ್ದರು. ಬೈಹುಲ್ಲು ಹರಡಿ, ಮಧ್ಯೆ ಅಕ್ಕಿ ಸುರಿದು, ಹುಲ್ಲಿನ ಹಗ್ಗ ಸುತ್ತಿ ಸುತ್ತಿ, ಮರದ ಕೊಡತಿಯಲ್ಲಿ ಬಡಿದು ಬಡಿದು ಉಂಡೆ ಮಾಡಬೇಕು. ಒಂದು ಕಾಳು ಸೋರಬಾರದು. ಹಾಗೆ ಕಟ್ಟಿದ್ದನ್ನು ಯಾರೋ ಬಂದು ಫಿರಂಗಿ ತೋರಿಸಿ ಒಯ್ದರೆ ಹೇಗಾಗಬೇಡ.

ಮುಂಬೈ ಪುಳ್ಳಿ
ಅಕ್ಕ, ನೀವು ಹೇಳುವುದು ಸರಿ. ಆದರೆ ಆ ಹಡಗಿನ ಅಂದ ಅಂದವೇ ಅಲ್ವಾ? ಅಲ್ಲಿ ಹಗ್ಗ ಎಳೆಯುತ್ತಿದ್ದದ್ದು ಇಪ್ಪತ್ತು ವರ್ಷದ ಮಕ್ಕಳು. ಅವರು ನಮ್ಮ ಅಕ್ಕಿ ಕದ್ದವರಲ್ಲ.

ಮಧೂರು ಅಕ್ಕ
ಅಂದ ಇಲ್ಲ ಅಂತ ಹೇಳಿದೆನಾ? ನೋಡಿ ಬನ್ನಿ. ನಮ್ಮದು ಎಂತ ಇತ್ತು ಅಂತಲೂ ಕೇಳಿ, ಅಷ್ಟೆ.

ಬೇಕಲದ ಬಿಸಿಲು
ಬೇಕಲ ಕೋಟೆಯನ್ನೂ ಈ ಲೆಕ್ಕದಲ್ಲೇ ನೋಡಬೇಕು. ಇಕ್ಕೇರಿಯ ಶಿವಪ್ಪನಾಯಕ 1650ರ ಸುಮಾರಿಗೆ ಕಟ್ಟಿಸಿದ್ದು. ಈಗ ಜನ ಸೂರ್ಯಾಸ್ತಕ್ಕೆ ಹೋಗುತ್ತಾರೆ. ಅದು ಸಮುದ್ರ ಕಾಯುವುದಕ್ಕೆ ಕಟ್ಟಿದ ಕೋಟೆ. ಮಧ್ಯದ ಬುರುಜು ಹತ್ತಿದರೆ ಏಕೆ ಅಷ್ಟು ಎತ್ತರ ಮಾಡಿದರು ಅಂತ ಅಲ್ಲೇ ಅರ್ಥವಾಗುತ್ತದೆ.

ಇಂಜಿನ್ ರೂಮ್
ಲೆಕ್ಕ ನಾನು ಹೇಳುತ್ತೇನೆ. ಹೊಯಿಗೆಯಲ್ಲಿ ನಿಂತವನಿಗೆ ಕಾಣುವ ಕಡಲಂಚು ನಾಲ್ಕೈದು ಕಿಲೋಮೀಟರ್ ಅಷ್ಟೆ. ಹತ್ತು ಮೀಟರ್ ಎತ್ತರಕ್ಕೆ ಹತ್ತಿದರೆ 11 ಕಿ.ಮೀ. ನಲ್ವತ್ತು ಮೀಟರಿಗೆ ಹತ್ತಿದರೆ 22. ಅದೂ ಬರೀ ನೀರಿನ ಅಂಚು. ಹಡಗಿನ ಕೂವೆ ಅದಕ್ಕೂ ಎಷ್ಟೋ ದೂರದಿಂದ ಕಾಣುತ್ತದೆ. ಮೊದಲು ಕಂಬದ ತುದಿ, ಆಮೇಲೆ ಹಾಯಿ, ಕೊನೆಗೆ ಒಡಲು. ಬುರುಜಿನ ಮೇಲೆ ಕೂತವನಿಗೆ ಮುಡಿ ಅಡಗಿಸಲು ಹೇಳಿ ಕಳಿಸುವಷ್ಟು ಸಮಯ ಖಂಡಿತ ಸಿಗುತ್ತಿತ್ತು.

ಬಡಗು ಬಾಗಿಲು
ಕೋಟೆಯ ಬೋರ್ಡಿನಲ್ಲಿ ಕನ್ನಡ ಇದೆಯಾ ಈಗ?

ಅಡಿಕೆ ಒಣಗಿತಾ
ಶುರುವಾಯಿತು. ಹಡಗು ಇನ್ನೂ ದಡ ಮುಟ್ಟಿಲ್ಲ ಸ್ವಾಮಿ.

ಬಡಗು ಬಾಗಿಲು
ಕೇಳಿದ್ದು ತಪ್ಪಾ? ಕನ್ನಡದ ದೊರೆ ಕಟ್ಟಿಸಿದ ಕೋಟೆ.

ತಳಂಗರೆ ಟೊಪ್ಪಿ
ಬೋರ್ಡ್ ಜಗಳ ಬೇರೆ ಕಡೆ ಮಾಡುವ. ಹಡಗಿನ ವಿಷಯಕ್ಕೆ ಬರುತ್ತೇನೆ, ಸ್ವಲ್ಪ ಉದ್ದ ಉಂಟು.

ನನ್ನ ಉಪ್ಪ, ಅಂದರೆ ಅಪ್ಪ, ಮಂಜಿಯಲ್ಲಿ, ಅಂದರೆ ಮರದ ಸರಕು ಹಡಗಿನಲ್ಲಿ, ಖಲಾಸಿಯಾಗಿದ್ದರು. ಮಂಗಳೂರು ಬಂದರಿನಿಂದ ಲಕ್ಷದ್ವೀಪದ ಅಮೀನಿ, ಕಡಮತ್, ಕಿಲ್ತಾನ್, ಚೆಟ್ಲತ್ ಕಡೆಗೆ. ಇಂಜಿನ್ ಇಲ್ಲ, ಗಾಳಿಯೇ ಎಲ್ಲ. ಹೋಗುವಾಗ ಅಕ್ಕಿ, ಹೆಂಚು, ಬೆಲ್ಲ, ಬರುವಾಗ ಕೊಬ್ಬರಿ, ನಾರು, ಒಣಗಿಸಿದ ಮಾಸ್ ಮೀನು. ಗಾಳಿ ಒಳ್ಳೆಯದಿದ್ದರೆ ಎರಡು ಮೂರು ದಿನ. ಗಾಳಿ ಬಿದ್ದರೆ ನಡುಕಡಲಲ್ಲಿ ಹಾಯಿ ಒಣಗಲು ಹಾಕಿದ ಬಟ್ಟೆಯ ಹಾಗೆ ನೇತಾಡುತ್ತಿತ್ತು, ಎಷ್ಟು ದಿನ ಅಂತ ಹೇಳುವುದಕ್ಕಾಗುವುದಿಲ್ಲ. ಒಮ್ಮೆ ಒಂಬತ್ತು ದಿನ ಆಗಿ, ಮನೆಯಲ್ಲಿ ಎಲ್ಲರೂ ಆಸೆ ಬಿಟ್ಟಿದ್ದರಂತೆ.

ಅಲ್ಲಿ ದ್ವೀಪದವರ ಓಡಂ ಎಂಬ ಹಾಯಿಹಡಗು ನೋಡಿದ್ದನ್ನು ಉಪ್ಪ ಸಾಯುವವರೆಗೂ ಹೇಳುತ್ತಿದ್ದರು. ಅದಕ್ಕೆ ಮೊಳೆ ಇಲ್ಲ. ಹಲಗೆಗೆ ಹಲಗೆ ಇಟ್ಟು ಕತ್ತದ ಹಗ್ಗದಲ್ಲಿ ಹೊಲಿಯುವುದು. ಒಬ್ಬ ಒಳಗೆ, ಒಬ್ಬ ಹೊರಗೆ. ಹಲಗೆಯ ಅಂಚಿನಲ್ಲಿ ಜೋಡಿ ತೂತು ಕೊರೆದು, ಸಂದಿನ ಮೇಲೆ ನಾರಿನ ಸುರುಳಿ ಇಟ್ಟು, ಅದರ ಮೇಲಿನಿಂದ ಹಗ್ಗ ದಾಟಿಸುವುದು. ಕಾಲನ್ನು ಹಲಗೆಗೆ ಒತ್ತಿ ಹಿಡಿದು, ಬೆನ್ನು ಹಿಂದಕ್ಕೆ ಬಾಗಿಸಿ ಎಳೆಯುತ್ತಿದ್ದರಂತೆ. ಸಡಿಲ ಬಿಟ್ಟರೆ ಸಮುದ್ರದಲ್ಲಿ ಪ್ರಾಣ ಹೋಗುತ್ತದೆ, ಹಾಗಾಗಿ ಹೊಲಿಯುವಾಗ ಮಾತಿಲ್ಲ. ಆಮೇಲೆ ತೂತಿಗೆಲ್ಲ ನಾರು ತುರುಕಿ ಮುಚ್ಚಿ, ಮೀನೆಣ್ಣೆ ಬಳಿಯುವುದು. ಕೆಲವು ವರ್ಷ ಕಳೆದರೆ ಹೊಲಿಗೆ ಪೂರ್ತಿ ಬಿಚ್ಚಿ ಹೊಸದಾಗಿ ಹೊಲಿಯಬೇಕು. ಉಪ್ಪ ಹೇಳುತ್ತಿದ್ದ ಒಂದು ಮಾತು, ರಾತ್ರಿ ಅದರಲ್ಲಿ ಮಲಗಿದರೆ ಹೊಲಿಗೆ ಮಾತಾಡುತ್ತದೆ, ಅಲೆಗೆ ತಕ್ಕ ಹಾಗೆ ಕಿರ್ರ್ ಕಿರ್ರ್ ಅಂತ.

ಮುಂಬೈ ಪುಳ್ಳಿ
ಅಬ್ಬ. ಮೊಳೆ ಯಾಕೆ ಹೊಡೆಯುತ್ತಿರಲಿಲ್ಲ? ಕಬ್ಬಿಣ ಇರಲಿಲ್ಲವಾ?

ಇಂಜಿನ್ ರೂಮ್
ಕಬ್ಬಿಣ ಇತ್ತು. ಸಮುದ್ರದಲ್ಲಿ ಅಯಸ್ಕಾಂತದ ಬಂಡೆ ಇದೆ, ಅದು ಮೊಳೆ ಎಳೆದುಕೊಳ್ಳುತ್ತದೆ ಅಂತ ಹಳೇ ಕಥೆ ಉಂಟು, ಅದು ಬರೀ ಕಥೆ. ನಿಜವಾದ ಕಾರಣ ನಮ್ಮ ಅಳಿವೆ, ನಮ್ಮ ಮರಳು. ಮೊಳೆ ಹೊಡೆದ ಒಡಲು ಗಟ್ಟಿ, ಆದರೆ ಮರಳಿಗೆ ಬಡಿದರೆ ಬಿರುಕು ಬಿಡುತ್ತದೆ. ಹೊಲಿದದ್ದು ಬಳುಕುತ್ತದೆ. ಅಲೆ ತಂದು ದಡಕ್ಕೆ ಕುಕ್ಕಿದರೂ ತಡೆಯುತ್ತದೆ. ಕಬ್ಬಿಣ ಉಪ್ಪುನೀರಿಗೆ ತುಕ್ಕು ಹಿಡಿದು ಸುತ್ತಲಿನ ಮರವನ್ನೂ ಕೊಳೆಸುತ್ತದೆ, ಅದೊಂದು ಬೇರೆ. ದೊಡ್ಡ ಫಿರಂಗಿ ಹೊತ್ತು ಹಾರಿಸಲು ಮಾತ್ರ ಹೊಲಿದ ಹಡಗು ಆಗುವುದಿಲ್ಲ. ಯುರೋಪಿನವರು ಗೆದ್ದದ್ದು ಅಲ್ಲಿ.

ಕಜೆ ಗಂಜಿ
ನೌಕಾಪಡೆಯವರು ಮೊನ್ನೆ ಮಸ್ಕತ್‌ಗೆ ಕೊಂಡುಹೋದದ್ದು ಅಂಥದ್ದೇ ಅಲ್ವಾ? ಕೌಂಡಿನ್ಯ?

ಬೇಕಲದ ಬಿಸಿಲು
ಅದೇ. ಅಜಂತಾ ಗುಹೆಯ ಐದನೇ ಶತಮಾನದ ಚಿತ್ರ ನೋಡಿ ಗೋವಾದಲ್ಲಿ ಕಟ್ಟಿದ್ದು. ಹೊಲಿದದ್ದು ಕೇರಳದ ಕುಶಲಕರ್ಮಿಗಳು. 2025ರ ಮೇ 21ಕ್ಕೆ ಕಾರವಾರದಲ್ಲಿ ನೌಕಾಪಡೆಗೆ ಸೇರಿತು. ಡಿಸೆಂಬರ್ 29ಕ್ಕೆ ಪೋರಬಂದರಿನಿಂದ ಹೊರಟು 2026ರ ಜನವರಿ 14ಕ್ಕೆ ಮಸ್ಕತ್ ಮುಟ್ಟಿತು. ಉದ್ದ ಬರೀ 20 ಮೀಟರ್. ಇಂಜಿನ್ ಇಲ್ಲ. ಹಾಯಿಯ ಮೇಲೆ ಗಂಡಭೇರುಂಡ.

ಬಡಗು ಬಾಗಿಲು
ಗಂಡಭೇರುಂಡ! ನಮ್ಮ ಸರ್ಕಾರದ್ದು!

ಅಡಿಕೆ ಒಣಗಿತಾ
ನಮ್ಮ ಅಂದರೆ ಯಾವುದು? ನಿಮ್ಮ ರೇಷನ್ ಕಾರ್ಡ್ ಒಮ್ಮೆ ತೆಗೆದು ನೋಡಿ.

ಬಡಗು ಬಾಗಿಲು
ರೇಷನ್ ಕಾರ್ಡ್ ಕೇರಳದ್ದು. ನಾನು ಗಂಡಭೇರುಂಡದ್ದು.

ಮಧೂರು ಅಕ್ಕ
ಎರಡು ತಲೆಯ ಹಕ್ಕಿ ಕಾಸರಗೋಡಿನವರಿಗೆ ಸರಿಯಾಗಿಯೇ ಹೊಂದುತ್ತದೆ. ಒಂದು ಆಚೆ ನೋಡುತ್ತದೆ, ಒಂದು ಈಚೆ.

ತಳಂಗರೆ ಟೊಪ್ಪಿ
ಅಕ್ಕ 😂

ಗಡಿ ಮಾತು ಬಂತಲ್ಲ, ಒಂದು ಹೇಳುತ್ತೇನೆ. 1956ರ ಅಕ್ಟೋಬರ್ 31ರವರೆಗೆ ನಾವೂ ಅಮೀನಿ ದ್ವೀಪಗಳೂ ಒಂದೇ ಜಿಲ್ಲೆ. ದಕ್ಷಿಣ ಕನ್ನಡ, ಮದ್ರಾಸ್ ರಾಜ್ಯ. ನವೆಂಬರ್ 1ಕ್ಕೆ ನಾವು ಕೇರಳಕ್ಕೆ, ಅವರು ಕೇಂದ್ರಾಡಳಿತಕ್ಕೆ, ಮಂಗಳೂರು ಮೈಸೂರಿಗೆ. ಒಂದೇ ದಿನ ಮೂರು ದಿಕ್ಕು. ಉಪ್ಪನಿಗೆ ಮಾತ್ರ ಏನೂ ಬದಲಾಗಲಿಲ್ಲ, ಅದೇ ಮಂಜಿ, ಅದೇ ದಾರಿ.

ಬೇಕಲದ ಬಿಸಿಲು
ನಾರಿನ ಕಥೆಯೂ ಅಲ್ಲಿಗೇ ಕೂಡುತ್ತದೆ. ಬ್ರಿಟಿಷರ ಕಾಲದಲ್ಲಿ ಆ ದ್ವೀಪಗಳ ನಾರನ್ನು ಸರ್ಕಾರವೇ ಮಂಗಳೂರಿನಲ್ಲಿ ಕೊಳ್ಳುತ್ತಿತ್ತು, ಬದಲಿಗೆ ಅಕ್ಕಿ ಕೊಡುತ್ತಿತ್ತು. ಬೇರೆಯವರಿಗೆ ಮಾರುವ ಹಾಗಿಲ್ಲ. ಬಾರ್ಬೋಸ ನೋಡಿದ ಅಕ್ಕಿ ನಾರಿನ ವ್ಯಾಪಾರವೇ, ಆದರೆ ಬೆಲೆ ಹೇಳುವವರು ಮಾತ್ರ ಸರ್ಕಾರದವರು.

ಗೇರುಬೀಜ
ನಮ್ಮಲ್ಲಿ ದೋಣಿಗೆ ಗೇರೆಣ್ಣೆ ಬಳಿಯುತ್ತಿದ್ದರು. ಚಿಕ್ಕವನಿದ್ದಾಗ ನಾನು ಬಳಿದ ದಿನವೇ ದೋಣಿಯ ಮೇಲೆ ಕೂತಿದ್ದೆ. ಮತ್ತೆ ಹದಿನೈದು ದಿನ ಎಲ್ಲೂ ಕೂತಿಲ್ಲ. ಚರ್ಮ ಸುಟ್ಟು ಬೊಕ್ಕೆ.

ಅಡಿಕೆ ಒಣಗಿತಾ
ಈ ಚರ್ಚೆಯ ಅತಿ ಮುಖ್ಯ ಮಾಹಿತಿ.

ಹೊಯಿಗೆ ಬಜಾರ್
ನಾನು ಮೂಲ ಮಂಜೇಶ್ವರ, ಈಗ ಮಂಗಳೂರು. ಪುಳ್ಳಿಯವರ ಪ್ರಶ್ನೆಗೆ ಯಾರೂ ಸರಿ ಉತ್ತರ ಕೊಟ್ಟಿಲ್ಲ. ದೊಡ್ಡ ಹಡಗು ನದಿಬಂದರಿನ ಒಳಗೆ ಬರಲೇಬೇಕು ಅಂತ ಯಾರು ಹೇಳಿದ್ದು? ನವಮಂಗಳೂರು ಬಂದರು ಶುರುವಾದದ್ದು 1974ರಲ್ಲಿ. ಅದಕ್ಕೆ ಮೊದಲು ಮಂಗಳೂರಿಗೂ ದೊಡ್ಡ ಹಡಗು ಒಳಗೆ ಬರುತ್ತಿರಲಿಲ್ಲ. ದೂರ ಕಡಲಲ್ಲಿ ಲಂಗರು ಹಾಕಿ ನಿಲ್ಲುತ್ತಿತ್ತು. ಇಲ್ಲಿಂದ ದೋಣಿಗಳು ಸರಕು ಹೊತ್ತು ಅಳಿವೆ ದಾಟಿ ಹೋಗಿ ಏರಿಸಿ ಬರುತ್ತಿದ್ದವು. ಬಾಸೆಲ್ ಮಿಶನ್‌ನವರು 1865ರಲ್ಲಿ ಹೆಂಚಿನ ಕಾರ್ಖಾನೆ ಹಾಕಿದರಲ್ಲ, ಆ ಹೆಂಚು ದೇಶಾಂತರ ಹೋದದ್ದೂ ಹೀಗೇ. ಕುಂಬಳೆಯಲ್ಲೂ ಇದೇ ಕ್ರಮ ಇದ್ದಿರಬೇಕು. ಒಳಗೆ ಬರುವುದು ಮಂಜಿ, ಪತ್ತೆಮಾರಿಯಂಥ ಚಿಕ್ಕವು, ದೊಡ್ಡದೇನಾದರೂ ಬಂದರೆ ಹೊರಗೇ.

ಮುಂಬೈ ಪುಳ್ಳಿ
ಅಂದರೆ ಬಂದಿತ್ತು, ಆದರೆ ಬರಲಿಲ್ಲ. ಪಂಥ ಯಾರು ಗೆದ್ದ ಹಾಗಾಯಿತು?

ಅಡಿಕೆ ಒಣಗಿತಾ
ಗೋಳಿಬಜೆಯವನು.

ಗೇರುಬೀಜ
ಪತ್ತೆಮಾರಿಗೂ ಮಂಜಿಗೂ ಎಂತ ವ್ಯತ್ಯಾಸ? ನಾನು ಎರಡೂ ಒಂದೇ ಅಂದುಕೊಂಡಿದ್ದೆ.

ತಳಂಗರೆ ಟೊಪ್ಪಿ
ಉಪ್ಪನ ಪ್ರಕಾರ ಪತ್ತೆಮಾರಿ ಸಪೂರ, ಓಟದ್ದು. ಮಂಜಿ ಹೊಟ್ಟೆ ದೊಡ್ಡದು, ಹೊರೆಯದ್ದು. ಬೇರೆ ಊರಿನವರು ಬೇರೆ ಹೇಳಬಹುದು, ನನ್ನ ಜೊತೆ ಜಗಳಕ್ಕೆ ಬರಬೇಡಿ.

ಹೊಯಿಗೆ ಬಜಾರ್
ಜಗಳಕ್ಕೆ ಬರುವುದಿಲ್ಲ, ಆದರೆ ನಮ್ಮಲ್ಲಿ ಮರದ ಸರಕು ಹಡಗು ಯಾವುದೇ ಇರಲಿ, ಎಲ್ಲ ಮಂಜಿಯೇ.

ಮಧೂರು ಅಕ್ಕ
ಮರ ಯಾವುದು ಹಾಕುತ್ತಿದ್ದರು?

ಇಂಜಿನ್ ರೂಮ್
ಹೆಬ್ಬಲಸು, ತೇಗ. ಹೆಬ್ಬಲಸು ಉಪ್ಪುನೀರಿಗೆ ಬಹಳ ಒಳ್ಳೆಯದು. 1980ರಲ್ಲಿ ಒಮಾನಿನ ಸೋಹಾರ್ ಎಂಬ ಹೊಲಿದ ಹಡಗು ಮಸ್ಕತ್‌ನಿಂದ ಚೀನಾಕ್ಕೆ ಹೊರಟಿತು, ಅದರ ಮರ ಹೋದದ್ದು ನಮ್ಮ ಮಲಬಾರ್ ಕಡೆಯಿಂದ. ಹೊಲಿಯಲು ಹೋದವರಲ್ಲಿ ಲಕ್ಷದ್ವೀಪದವರೂ ಇದ್ದರು.

ಮಧೂರು ಅಕ್ಕ
ನಮ್ಮ ತೋಟದ ಕರೆಯಲ್ಲಿ ಎರಡು ಹೆಬ್ಬಲಸು ಉಂಟು. ಮಂಗಗಳು ಹಣ್ಣು ತಿಂದು ಬೀಜ ನಮ್ಮ ತಲೆಗೆ ಹಾಕುವುದು ಬಿಟ್ಟರೆ ಬೇರೆ ಉಪಕಾರ ಇಲ್ಲ ಅಂದುಕೊಂಡಿದ್ದೆ.

ಮುಂಬೈ ಪುಳ್ಳಿ
ಹಾಗಾದರೆ ಹಾಯಿಯ ಮಂಜಿ ಒಂದಾದರೂ ಎಲ್ಲಾದರೂ ಉಳಿದಿದೆಯಾ? ಇಟಲಿಯವರು 1931ರದ್ದನ್ನು ಇನ್ನೂ ಸಮುದ್ರದಲ್ಲಿ ಓಡಿಸುತ್ತಾರೆ.

ತಳಂಗರೆ ಟೊಪ್ಪಿ
ಉಪ್ಪ ಕೆಲಸ ಮಾಡಿದ ಮಂಜಿ ಕೊನೆಗೆ ದಡದಲ್ಲಿ ಓರೆಯಾಗಿ ಬಿದ್ದಿತ್ತು. ನಾನು ಶಾಲೆಗೆ ಹೋಗುವಾಗ ನೋಡಿದ್ದೇನೆ. ಒಂದು ಮಳೆಗಾಲ ಹಲಗೆ ಹೋಯಿತು, ಮತ್ತೊಂದರಲ್ಲಿ ಪಕ್ಕೆಲುಬು ಕಂಡಿತು. ಒಳ್ಳೆಯ ಮರವನ್ನೆಲ್ಲ ಜನ ಮನೆಗೆ ಕೊಂಡುಹೋದರು. ತಪ್ಪು ಹೇಳುವುದಿಲ್ಲ, ನಮ್ಮ ಕೊಟ್ಟಿಗೆಯ ಬಾಗಿಲ ಅಡ್ಡಪಟ್ಟಿಯೂ ಅದರದ್ದೇ.

ಇನ್ನೊಂದು ಉಂಟು. ಹಾಯಿ ಏರಿಸುವ ಕಪ್ಪಿ, ಅಂದರೆ ರಾಟೆ. ಪೂರ್ತಿ ಮರದ್ದು, ಅಂಗೈ ಎರಡರಷ್ಟು ಅಗಲ. ಅದು ಈಗ ನಮ್ಮ ಬಾವಿಯಲ್ಲಿದೆ. ಪಂಪು ಬಂದ ಮೇಲೂ ಉಮ್ಮ ಅದನ್ನು ತೆಗೆಯಲು ಬಿಡಲಿಲ್ಲ. ಕರೆಂಟ್ ಹೋದ ದಿನ ಕೊಡಪಾನ ಇಳಿಸುತ್ತೇವೆ. ಹಗ್ಗ ಓಡಿ ಓಡಿ ನಡುವಿನ ಕೊರಕಲು ಗಾಜಿನ ಹಾಗೆ ನುಣುಪಾಗಿದೆ. ಒಂದು ಕಡೆ ಮಾತ್ರ ಹೆಬ್ಬೆರಳು ಹೋಗುವಷ್ಟು ಸವೆದಿದೆ, ಅದು ಹಾಯಿಹಗ್ಗದಿಂದ ಆದದ್ದು, ಬಾವಿಹಗ್ಗದಿಂದ ಅಲ್ಲ ಅಂತ ಉಪ್ಪ ಹೇಳುತ್ತಿದ್ದರು.

ಬೇಕಲದ ಬಿಸಿಲು
ಅದನ್ನು ದಯವಿಟ್ಟು ಗುಜರಿಗೆ ಹಾಕಬೇಡಿ.

ತಳಂಗರೆ ಟೊಪ್ಪಿ
ಉಮ್ಮ ಇರುವವರೆಗೆ ಆ ಹೆದರಿಕೆ ಇಲ್ಲ.

ಬಡಗು ಬಾಗಿಲು
ಮ್ಯೂಸಿಯಂ ಮಾಡಬೇಕು. ನಾನು ಹಿಂದೆ ಒಂದು ಕಚೇರಿಗೆ ಅರ್ಜಿ ಕೊಟ್ಟಿದ್ದೆ. ಮೂರು ತಿಂಗಳ ನಂತರ ವಾಪಸ್ ಬಂತು, ಬೇರೆ ಭಾಷೆಯಲ್ಲಿ ಬರೆದು ಕೊಡಿ ಅಂತ.

ಅಡಿಕೆ ಒಣಗಿತಾ
ಈ ಸಲ ತಮಾಷೆ ಮಾಡುವುದಿಲ್ಲ. ಅದು ನಮ್ಮಪ್ಪನಿಗೂ ಆಗಿದೆ.

ಹೊಯಿಗೆ ಬಜಾರ್
ಹಾಯಿ ಇಲ್ಲದಿದ್ದರೂ ಮರದ ಮಂಜಿ ಈಗಲೂ ನೋಡಬಹುದು. ಮಂಗಳೂರು ಹಳೇ ಬಂದರಿಗೆ ಬನ್ನಿ. ಇಂಜಿನ್ ಹಾಕಿದ ಮಂಜಿಗಳು ಈಗಲೂ ಲಕ್ಷದ್ವೀಪಕ್ಕೆ ಸಿಮೆಂಟ್, ಜಲ್ಲಿ, ತರಕಾರಿ, ಆಡು ಎಲ್ಲ ಹೊತ್ತು ಹೋಗುತ್ತವೆ. ಮೇ ನಡುವಿಗೆ ನಿಲ್ಲಿಸುತ್ತಾರೆ, ಮತ್ತೆ ಹೊರಡುವುದು ಸೆಪ್ಟೆಂಬರ್ ನಡುವಿಗೆ. ನಿಲ್ಲಿಸುವ ಮೊದಲೇ ಬಂದರೆ ಆಯಿತು. ಬೆಳಿಗ್ಗೆ ಬನ್ನಿ, ಹೊತ್ತೇರಿದರೆ ಬಿಸಿಲಿಗೆ ನಿಲ್ಲಲಾಗುವುದಿಲ್ಲ.

ಕುಂಬಳೆ ಭಾವ
ನಾನೇ ಆ ಭಾವ. ಮೈದುನ ಲಿಂಕ್ ಕಳಿಸಿದ, ನಿನ್ನೆ ರಾತ್ರಿ ಕೂತು ಎಲ್ಲ ಓದಿದೆ. ನಾನು ಹೇಳಿದ್ದು "ಕುಂಬಳೆಗೆ ಬರುತ್ತಿತ್ತು" ಅಂತ. ಹೊಳೆಯೊಳಗೆ ಬರುತ್ತಿತ್ತು ಅಂತ ಹೇಳಿಲ್ಲ. ಹೊರಗೆ ಲಂಗರು ಹಾಕಿದರೂ ಕುಂಬಳೆಗೇ ಬಂದ ಹಾಗೆ. ಪಂಥ ನನ್ನದು.

ಮುಂಬೈ ಪುಳ್ಳಿ
ಭಾವ, ಇದು ಮೋಸ. "ಇದೆಲ್ಲ" ಅಂತ ಫೋಟೋಕ್ಕೆ ಬೆರಳಿಟ್ಟು ಹೇಳಿದ್ದೀರಿ. ನನ್ನ ಅಕ್ಕ ಸಾಕ್ಷಿ.

ಕುಂಬಳೆ ಭಾವ
ನಿನ್ನ ಅಕ್ಕ ಯಾವತ್ತು ನನ್ನ ಪರ ಸಾಕ್ಷಿ ಹೇಳಿದ್ದಾಳೆ?

ಮಧೂರು ಅಕ್ಕ
ಅರ್ಧರ್ಧ ಹಾಕಿ. ಹದಿನಾಲ್ಕು ಜನರ ಗೋಳಿಬಜೆ ಒಬ್ಬನಿಂದ ಆಗುವ ಕೆಲಸ ಅಲ್ಲ.

ಕುಂಬಳೆ ಭಾವ
ಆಯಿತು. ಬರುವ ಆದಿತ್ಯವಾರ ಬೆಳಗ್ಗಿನ ಲೋಕಲ್ ರೈಲಿಗೆ ಮಂಗಳೂರಿಗೆ ಹೋಗುವ. ಮಂಜಿ ನೋಡಿ ಅಲ್ಲೇ ಚಹಾ. ತಳಂಗರೆಯವರೇ, ನೀವೂ ಬನ್ನಿ, ಯಾವುದು ಮಂಜಿ ಯಾವುದು ಅಲ್ಲ ಅಂತ ತೋರಿಸಿ ಕೊಡಲು ಒಬ್ಬರು ಬೇಕು. ನಿಮ್ಮ ಚಹಾ ನನ್ನ ಲೆಕ್ಕ.

ತಳಂಗರೆ ಟೊಪ್ಪಿ
ಬರುತ್ತೇನೆ. ಕಾಸರಗೋಡಿನಲ್ಲಿ ಹತ್ತಿ ಸೀಟು ಹಿಡಿದಿರುತ್ತೇನೆ, ನೀವು ಕುಂಬಳೆಯಲ್ಲಿ ಹತ್ತಿ, ಹಿಂದಿನಿಂದ ಎರಡನೇ ಡಬ್ಬಿ. ಕಪ್ಪಿ ತರುವ ಅಂತಿದ್ದೆ, ಉಮ್ಮ ಬಿಡಲಿಲ್ಲ. ಫೋಟೋ ಹೊಡೆದು ತರುತ್ತೇನೆ.

ಗೇರುಬೀಜ
ಎಣ್ಣೆ ಬಳಿದ ದೋಣಿಯ ಮೇಲೆ ಮಾತ್ರ ಕೂರಬೇಡಿ.